ಆನೆ ಹೊಡೆದರೆ ಡ್ರಾ ಎಂಬ ನಂಬಿಕೆ

ಆಟ ಮುಗಿದ ಕೂಡಲೇ ಮೊಬೈಲ್ ತೆಗೆದು, ನಡೆಗಳನ್ನೆಲ್ಲ ಒಂದೊಂದಾಗಿ ಎಂಜಿನ್‌ಗೆ, ಅಂದರೆ ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮಿಗೆ, ತುಂಬಿ, ಕೆಂಪು ಗುರುತು ಎಲ್ಲಿ ಬಿದ್ದಿದೆ ಎಂದು ನೋಡಿ, "ಇಲ್ಲಿ ತಪ್ಪಿತು" ಎಂದು ಮೊಬೈಲನ್ನು ಮತ್ತೆ ಜೇಬಿಗಿಳಿಸುವುದು ಈಗ ನಮ್ಮ ಕಡೆಯ ಹವ್ಯಾಸಿ ಚೆಸ್ ಆಟಗಾರರಲ್ಲಿ ರೂಢಿಯಾಗಿಬಿಟ್ಟಿದೆ. ಸ್ಟಾಕ್‌ಫಿಶ್‌ನಂತಹ ಎಂಜಿನ್ ಪುಕ್ಕಟೆ ಸಿಗುತ್ತದೆ, ಜಗತ್ತಿನ ಯಾವ ಚಾಂಪಿಯನ್ನನಿಗಿಂತಲೂ ಚೆನ್ನಾಗಿ ಆಡುತ್ತದೆ, ಬಾಗಲಕೋಟೆಯ ನವನಗರದಲ್ಲಿ ಕುಳಿತ ಹುಡುಗನಿಗೂ ಮಾಸ್ಕೋದಲ್ಲಿ ಕುಳಿತ ಗ್ರ್ಯಾಂಡ್‌ಮಾಸ್ಟರನಿಗೂ ಅದು ಹೇಳುವ ಉತ್ತರ ಒಂದೇ. ಇಷ್ಟೆಲ್ಲ ಅನುಕೂಲವಿದ್ದೂ ಅದೇ ಹುಡುಗರು ಅದೇ ಬಗೆಯ ಆಟಗಳನ್ನು ಮೇಲಿಂದ ಮೇಲೆ ಏಕೆ ಸೋಲುತ್ತಾರೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿತ್ತು. ವಿಜಯಪುರದ ಒಂದು ಪಂದ್ಯಾವಳಿಯಲ್ಲಿ ನನ್ನ ಅಕ್ಕನ ಮಗ ಆಡಿ ಸೋತ ಆಟವೊಂದನ್ನು ಅವನ ಜೊತೆ ಕೂತು ನೋಡಿದಾಗ ಅದಕ್ಕೊಂದು ಉತ್ತರ ಹೊಳೆಯಿತು. ಆ ಆಟವನ್ನೇ ಇಲ್ಲಿ ಬಿಡಿಸಿಡುತ್ತಿದ್ದೇನೆ.

ಹುಡುಗ ಡಿಪ್ಲೊಮಾ ಓದುತ್ತಿದ್ದಾನೆ, ಚುರುಕಾಗಿದ್ದಾನೆ, ಯೂಟ್ಯೂಬ್ ನೋಡಿ ಕಲಿತ ಬಲೆಗಳು ಬೇಕಾದಷ್ಟು ಗೊತ್ತಿವೆ. (ಇಲ್ಲಿ ಬರುವ ಡಿ4, ಇ5 ಮುಂತಾದವು ಹಲಗೆಯ ಮನೆಗಳ ಹೆಸರು: ಬಿಳಿಯ ಎಡಗಡೆಯಿಂದ ಉದ್ದಸಾಲುಗಳಿಗೆ ಎಯಿಂದ ಎಚ್‌ವರೆಗಿನ ಅಕ್ಷರ, ಬಿಳಿಯ ಕಡೆಯಿಂದ ಅಡ್ಡಸಾಲುಗಳಿಗೆ ಒಂದರಿಂದ ಎಂಟರವರೆಗಿನ ಅಂಕಿ.) ಮೂರನೆಯ ನಡೆಯಲ್ಲೇ ಕುದುರೆಯನ್ನು ಡಿ4ಕ್ಕೆ ಹಾರಿಸಿ, ಎದುರಾಳಿ ಇ5ರಲ್ಲಿರುವ ಪ್ಯಾದೆಯನ್ನು ಆಸೆಗೆ ಬಿದ್ದು ಹೊಡೆದರೆ ವಜೀರನನ್ನು ಜಿ5ಕ್ಕೆ ತಂದು ಏಳನೆಯ ನಡೆಯಲ್ಲಿ ಕುದುರೆಯಿಂದಲೇ ಮಾತ್ ಮಾಡುವ ಬಲೆಯೊಂದಿದೆಯಲ್ಲ, ಅದನ್ನು ಅವನು ತನ್ನ ಕಾಲೇಜಿನ ಹಾಸ್ಟೆಲ್‌ನಲ್ಲಿ ಎಲ್ಲರ ಮೇಲೂ ಪ್ರಯೋಗಿಸಿ ಮುಗಿಸಿದ್ದಾನೆ. ಬಲೆಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಎದುರಾಳಿ ಆ ಪ್ಯಾದೆಯನ್ನು ಬಿಟ್ಟು ಡಿ4ರ ಕುದುರೆಯನ್ನೇ ತನ್ನ ಕುದುರೆಯಿಂದ ಹೊಡೆದು ಕೋಟೆ ಕಟ್ಟಿಕೊಂಡರೆ ಬಲೆ ಹಾಕಿದವನೇ ಹಿಂದೆ ಬೀಳುತ್ತಾನೆ. ಗೆದ್ದ ಆಟಗಳಿಂದ ಅವನಿಗೆ ಕಲಿಯಲು ಏನೂ ಉಳಿದಿರುವುದಿಲ್ಲ.

ವಿಜಯಪುರದಲ್ಲಿ ಅವನಿಗೆ ಕಪ್ಪು ಕಾಯಿ ಬಂದಿತ್ತು. ಎದುರಿಗೆ ಕೂತವರು ಐವತ್ತು ದಾಟಿದ, ಮಾತು ಕಡಿಮೆಯ ಒಬ್ಬ ಹಿರಿಯರು. ಆಟ ಹಳೆಯ ಇಟಾಲಿಯನ್ ಹಾದಿಯಲ್ಲಿ ಹೊರಟಿತು: ಎರಡೂ ಕಡೆಯಿಂದ ರಾಜನ ಪ್ಯಾದೆ ಎರಡು ಮನೆ, ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ಕುದುರೆ ಸಿ6ಕ್ಕೆ, ಬಿಳಿಯ ಒಂಟೆ ಸಿ4ಕ್ಕೆ, ಕಪ್ಪಿನ ಒಂಟೆ ಸಿ5ಕ್ಕೆ, ಆಮೇಲೆ ಬಿಳಿಯ ಪ್ಯಾದೆ ಸಿ3ಕ್ಕೆ, ಕಪ್ಪಿನ ಇನ್ನೊಂದು ಕುದುರೆ ಎಫ್6ಕ್ಕೆ, ಐದನೆಯ ನಡೆಯಲ್ಲಿ ಬಿಳಿ ಡಿ4, ಕಪ್ಪು ಹೊಡೆದ, ಬಿಳಿ ಸಿ ಪ್ಯಾದೆಯಿಂದ ತಿರುಗಿ ಹೊಡೆಯಿತು. ಈಗ ಬಿಳಿಯ ಎರಡು ಪ್ಯಾದೆಗಳು ಡಿ4 ಮತ್ತು ಇ4ರಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ, ಡಿ4ರ ಪ್ಯಾದೆ ಸಿ5ರ ಒಂಟೆಯ ಮೇಲೆ ಏರಿ ಬಂದಿದೆ. ಶತಮಾನಗಳಿಂದ ಗೊತ್ತಿರುವ ಸ್ಥಿತಿ ಇದು. ಇಲ್ಲಿ ಕಪ್ಪು ಒಂಟೆಯನ್ನು ಬಿ4ಕ್ಕೆ ತಂದು ರಾಜನಿಗೆ ಶಹ ಕೊಡಬೇಕು. ಬಿಳಿ ತನ್ನ ಒಂಟೆಯನ್ನು ಡಿ2ಕ್ಕೆ ಅಡ್ಡ ಹಾಕಿದರೆ ಅದನ್ನು ಹೊಡೆದು, ಕುದುರೆ ತಿರುಗಿ ಹೊಡೆದ ತಕ್ಷಣ ಡಿ5ಕ್ಕೆ ಪ್ಯಾದೆ ನೂಕಿ ಆ ಜೋಡಿ ಪ್ಯಾದೆಗಳನ್ನು ಮುರಿಯಬೇಕು. ನಮ್ಮ ಹುಡುಗ ಒಂಟೆಯನ್ನು ಬಿ6ಕ್ಕೆ ಹಿಂದೆಳೆದುಕೊಂಡ.

ಮೇಲ್ನೋಟಕ್ಕೆ ಏನೂ ಆಗಿಲ್ಲ. ಯಾವ ಕಾಯಿಯೂ ಹೋಗಿಲ್ಲ, ಒಂಟೆ ಭದ್ರವಾಗಿದೆ. ಆದರೆ ಬಿಳಿ ಪ್ಯಾದೆ ಡಿ5ಕ್ಕೆ ಬಂದು ಸಿ6ರ ಕುದುರೆಯನ್ನು ಎಬ್ಬಿಸಿತು, ಅದು ಎ5ಕ್ಕೆ ಹಾರಿ ಸಿ4ರ ಒಂಟೆಯ ಮೇಲೆ ಕಣ್ಣಿಟ್ಟಿತು, ಒಂಟೆ ಡಿ3ಕ್ಕೆ ಸರಿದು ಕೂತಿತು. ಆಗ ನೋಡಿದರೆ ಎ5ರ ಕುದುರೆಗೆ ಹೋಗಲು ದಾರಿಯೇ ಇಲ್ಲ: ಸಿ4 ಈಗ ಒಂಟೆಯ ಕಾವಲಿನಲ್ಲಿದೆ, ಸಿ6 ಪ್ಯಾದೆಯ ಕಾವಲಿನಲ್ಲಿದೆ, ಬಿ3ಕ್ಕೆ ಹೋದರೆ ಎ2ರ ಪ್ಯಾದೆ ಹೊಡೆಯುತ್ತದೆ, ಬಿ7ರಲ್ಲಿ ತನ್ನದೇ ಪ್ಯಾದೆ ಕೂತಿದೆ. ಬಿಳಿ ಇನ್ನು ಬಿ4 ಎಂದು ಒಂದು ಪ್ಯಾದೆ ನೂಕಿದರೆ ಕುದುರೆ ಕೈಬಿಟ್ಟಂತೆಯೇ. ಹುಡುಗ ಸಿ5ಕ್ಕೆ ಪ್ಯಾದೆ ತಂದು ಅದನ್ನು ತಡೆದ. ಬಿಳಿ ಡಿ6ಕ್ಕೆ ಪ್ಯಾದೆಯನ್ನು ಇನ್ನೊಂದು ಮನೆ ನೂಕಿ ಕಪ್ಪಿನ ವಜೀರನ ಕಡೆಯ ಪಡೆಯನ್ನೆಲ್ಲ ಒಳಗೇ ಕೂಡಿಹಾಕಿತು. ಈ ಬಿಗಿತದಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಒಂದು ಪ್ಯಾದೆಯನ್ನು ತೆರಬೇಕಾಯಿತು. ಆಮೇಲಿನ ಮೂವತ್ತು ಚಿಲ್ಲರೆ ನಡೆಗಳನ್ನು ಹುಡುಗ ನಿಜಕ್ಕೂ ಚೆನ್ನಾಗಿ ಆಡಿದ್ದಾನೆ. ಬಿಳಿಯೂ ಸಾಕಷ್ಟು ತಡವರಿಸಿದೆ. ಆ ಭಾಗವನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಕೊನೆಗೆ ಹಲಗೆಯ ಮೇಲೆ ಉಳಿದದ್ದು ಐದೇ ಕಾಯಿ. ಬಿಳಿ ರಾಜ ಎಫ್4ರಲ್ಲಿ, ಆನೆ ಇ5ರಲ್ಲಿ, ಒಂದು ಪ್ಯಾದೆ ಎಫ್3ರಲ್ಲಿ. ಕಪ್ಪು ರಾಜ ಎಫ್7ರಲ್ಲಿ, ಆನೆ ಇ8ರಲ್ಲಿ. ನಡೆ ಕಪ್ಪಿನದು. ಆನೆಗಳು ಮುಖಾಮುಖಿಯಾಗಿವೆ. ಹುಡುಗ ಒಂದು ನಿಮಿಷವೂ ಯೋಚಿಸದೆ ಆನೆಯಿಂದ ಆನೆಯನ್ನು ಹೊಡೆದ, ಬಿಳಿ ರಾಜ ತಿರುಗಿ ಹೊಡೆದು ಇ5ಕ್ಕೆ ಬಂದ, ಹತ್ತು ಹನ್ನೆರಡು ನಡೆಗಳಲ್ಲಿ ಆಟ ಮುಗಿಯಿತು. ಎಂಜಿನ್ ತನ್ನ ದೊಡ್ಡ ಕೆಂಪು ಗುರುತು ಹಾಕಿದ್ದು ಇಲ್ಲಿಯೇ. ಏಳು ಕಾಯಿಗಳವರೆಗಿನ ಸ್ಥಿತಿಗಳೆಲ್ಲ ಈಗ ಕಂಪ್ಯೂಟರಿನಲ್ಲಿ ಪೂರ್ತಿ ಬಿಡಿಸಿಟ್ಟಿರುವುದರಿಂದ ಐದು ಕಾಯಿಯ ಆಟದಲ್ಲಿ ಅಭಿಪ್ರಾಯ ಭೇದಕ್ಕೆ ಎಡೆಯೇ ಇಲ್ಲ: ಹೊಡೆಯುವ ಮೊದಲು ಡ್ರಾ, ಹೊಡೆದ ಮೇಲೆ ಸೋಲು.

ಮನೆಗೆ ಬಂದ ಮೇಲೆ ನಾನು ಕೇಳಿದ್ದು ಒಂದೇ ಮಾತು: "ಆನಿ ಹೊಡಿಯೂ ಮುಂದ ಏನ್ ವಿಚಾರ ಮಾಡಿದ್ದಿ?"

"ಮಾಮಾ, ಅವರ ರಾಜಾ ಒಂದು, ಪ್ಯಾದಿ ಒಂದು. ನನ್ನ ರಾಜಾ ಪ್ಯಾದಿ ಮುಂದನ ಅದಾನ. ಆನಿ ಹೋದ್ರ ಡ್ರಾ ಆಗ್ತೈತಿ ಅನಕೊಂಡೆ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಆನಿ ಕಾಟಾ ಸಾಕಾಗಿತ್ತು" ಎಂದೂ ಸೇರಿಸಿದ.

ಈ ಎರಡು ಮಾತುಗಳಲ್ಲಿ ಮೊದಲನೆಯದು ಅರ್ಧ ಸತ್ಯ. ಎದುರಾಳಿಯ ಪ್ಯಾದೆಯ ಮುಂದೆ ನಮ್ಮ ರಾಜ ಅಡ್ಡ ನಿಂತರೆ ಬಹಳ ಸಲ ಡ್ರಾ ಆಗುತ್ತದೆ ಎಂಬುದು ಖರೆ. ಆದರೆ ಅದು ಎದುರಾಳಿಯ ರಾಜ ತನ್ನ ಪ್ಯಾದೆಗಿಂತ ಎಷ್ಟು ಮುಂದೆ ಬಂದಿದ್ದಾನೆ ಎಂಬುದರ ಮೇಲೆ ನಿಂತಿದೆ. ಪ್ಯಾದೆ ಎಫ್3ರಲ್ಲಿದ್ದಾಗ ಬಿಳಿ ರಾಜ ಇ5, ಎಫ್5, ಜಿ5 ಈ ಮೂರು ಮನೆಗಳಲ್ಲಿ ಯಾವುದನ್ನು ಮುಟ್ಟಿದರೂ ಗೆಲುವು ಅವನದೇ, ನಡೆ ಯಾರದಾದರೂ ಸರಿ. ಹಲಗೆಯ ಮೇಲೆ ಜೋಡಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಬಿಳಿ ರಾಜ ಇ5ರಲ್ಲಿದ್ದಾನೆ, ಕಪ್ಪು ರಾಜ ಇ7ಕ್ಕೆ ಬಂದು ನಡುವೆ ಒಂದೇ ಮನೆ ಬಿಟ್ಟು ಎದುರು ನಿಲ್ಲುತ್ತಾನೆ. ಹೀಗೆ ಇಬ್ಬರೂ ರಾಜರು ಎದುರುಬದುರಾದಾಗ ಯಾರ ನಡೆ ಬರುತ್ತದೋ ಅವರೇ ದಾರಿ ಬಿಡಬೇಕಾಗುತ್ತದೆ, ಈಗ ನಡೆ ಬಿಳಿಯದು. ಆದರೆ ಬಿಳಿ ರಾಜ ಕದಲುವುದೇ ಇಲ್ಲ. ಹಿಂದೆ ಉಳಿದಿದ್ದ ಪ್ಯಾದೆಯನ್ನು ಎಫ್3ರಿಂದ ಎಫ್4ಕ್ಕೆ ಒಂದು ಮನೆ ನೂಕಿ ನಡೆಯನ್ನು ಕಪ್ಪಿನ ತಲೆಗೆ ಕಟ್ಟುತ್ತದೆ. ಕಪ್ಪು ರಾಜ ಡಿ7ಕ್ಕೆ ಹೋದರೆ ಬಿಳಿ ರಾಜ ಎಫ್6ಕ್ಕೆ ನುಗ್ಗುತ್ತಾನೆ, ಎಫ್7ಕ್ಕೆ ಹೋದರೆ ಎಫ್5ಕ್ಕೆ ಬಂದು ಮತ್ತೆ ಎದುರು ನಿಲ್ಲುತ್ತಾನೆ, ಹಿಂದೆ ಇ8ಕ್ಕೆ ಸರಿದರೆ ಇ6ಕ್ಕೇ ಬರುತ್ತಾನೆ. ಎಲ್ಲಿ ಹೋದರೂ ಪ್ಯಾದೆಯ ದಾರಿ ತೆರೆದುಕೊಳ್ಳುತ್ತದೆ.

ಇದೇ ಸ್ಥಿತಿಯಲ್ಲಿ ಆ ಪ್ಯಾದೆ ಮೊದಲೇ ಎಫ್4ಕ್ಕೆ ಬಂದಿದ್ದರೆ ಹುಡುಗನ ಲೆಕ್ಕ ಸರಿಯಾಗುತ್ತಿತ್ತು. ಬಿಳಿಗೆ ನೂಕಲು ಬಿಡುವಿನ ನಡೆ ಇರುತ್ತಿರಲಿಲ್ಲ, ರಾಜನನ್ನೇ ಸರಿಸಬೇಕಾಗುತ್ತಿತ್ತು, ಕಪ್ಪು ರಾಜ ಅವನ ಎದುರಿಗೇ ಸರಿಯುತ್ತ ಹೋಗಿ ಡ್ರಾ ಮಾಡಿಕೊಳ್ಳುತ್ತಿದ್ದ. ಹಿಂದೆ ಉಳಿದ ಪ್ಯಾದೆ ಗೆಲ್ಲುತ್ತದೆ, ಮುಂದೆ ಬಂದ ಪ್ಯಾದೆ ಗೆಲ್ಲುವುದಿಲ್ಲ ಎಂಬುದನ್ನು ಕೇಳಿ ಹುಡುಗ ನಂಬಲಿಲ್ಲ. ಹಲಗೆಯ ಮೇಲೆ ತಾನೇ ಬಿಳಿಯ ಕಡೆ ಕೂತು ಆಡಿ, ಆಮೇಲೆ ಕಪ್ಪಿನ ಕಡೆ ಕೂತು ಆಡಿ, ಮತ್ತೆ ಬಿಳಿಯ ಕಡೆ ಬಂದು ಆಡಿದ ಮೇಲೆಯೇ ಒಪ್ಪಿಕೊಂಡದ್ದು. ಎಂಜಿನ್ ಪರದೆಯ ಮೇಲಿನ ಅಂಕಿ ಈ ಕೆಲಸ ಮಾಡುವುದಿಲ್ಲ, ಕೈಯಿಂದ ಕಾಯಿ ಎತ್ತಿ ಇಡಲೇಬೇಕು.

ಹೊಡೆಯದಿದ್ದರೆ ಏನು ಮಾಡಬೇಕಿತ್ತು ಎಂಬುದಕ್ಕೂ ಹಳೆಯ ಉತ್ತರವೇ ಇದೆ. 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ತೋರಿಸಿಕೊಟ್ಟ ರಕ್ಷಣೆ ಅದು: ಆನೆಯನ್ನು ದೂರದ ಎ8ಕ್ಕೆ ಸರಿಸಿ, ಅಲ್ಲಿಂದ ಎ6ಕ್ಕೆ ಇಳಿಸಿ ಆರನೆಯ ಅಡ್ಡಸಾಲನ್ನು ಕಾಯುವುದು, ಬಿಳಿ ರಾಜ ಆ ಸಾಲಿಗೆ ಕಾಲಿಡಲಾಗದೆ ಪ್ಯಾದೆಯನ್ನೇ ಆರನೆಯ ಸಾಲಿಗೆ ನೂಕಿದರೆ, ಅದರ ಹಿಂದೆ ಅಡಗಲು ರಾಜನಿಗೆ ಜಾಗವಿಲ್ಲದಂತಾಗುತ್ತದೆ, ಆಗ ಕಪ್ಪು ಆನೆ ಒಂದನೆಯ ಸಾಲಿಗೆ ಇಳಿದು ಹಿಂದಿನಿಂದ ಶಹದ ಮೇಲೆ ಶಹ ಕೊಡುತ್ತ ಹೋಗುವುದು. ಇದನ್ನು ಕಲಿಯಲು ಒಂದು ಸಂಜೆ ಸಾಕು. ಆರಂಭದ ಬಲೆಗಳಿಗೆ ಹುಡುಗರು ಕಳೆಯುವ ಸಮಯದ ಕಾಲುಭಾಗ ಇಲ್ಲಿ ಕಳೆದರೂ ನಮ್ಮ ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಡ್ರಾದಿಂದ ಸಿಗುವ ಅರ್ಧ ಅಂಕಗಳು ಎಷ್ಟೋ ಉಳಿಯುತ್ತವೆ ಎಂಬುದು ನನ್ನ ಅನಿಸಿಕೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಹುಡುಗನಿಗೆ ಒಂದು ಅಂತ್ಯದಾಟ ತಿಳಿದಂತಾಗುತ್ತಿತ್ತು, ಅಷ್ಟೇ. ಆದರೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಅವನ ಎರಡನೆಯ ಮಾತು, "ಆ ಆನಿ ಕಾಟಾ ಸಾಕಾಗಿತ್ತು" ಎಂಬುದು. ಆರನೆಯ ನಡೆಗೆ ಹಿಂದಿರುಗಿ, ಬಿ6ಕ್ಕೆ ಒಂಟೆ ಎಳೆದುಕೊಂಡಾಗ ಏನು ಯೋಚಿಸಿದ್ದೆ ಎಂದು ಕೇಳಿದೆ. ಶಹ ಕೊಡುವುದು ಕಂಡಿತ್ತಂತೆ. ಆದರೆ ಕೊಟ್ಟರೆ ಬಿಳಿ ಯಾವ ಕಾಯಿಯನ್ನು ಅಡ್ಡ ಹಾಕುತ್ತದೆ, ಆಮೇಲೆ ಏನು, ಎಂದು ನಾಲ್ಕು ನಡೆ ಲೆಕ್ಕ ಹಾಕಬೇಕಾಗುತ್ತದೆ, ಹಿಂದೆ ಬಂದರೆ ಆ ತಲೆಬಿಸಿ ಇರುವುದಿಲ್ಲ ಎನಿಸಿತಂತೆ. ಕುದುರೆಯನ್ನು ಎ5ಕ್ಕೆ ಹಾರಿಸಿದ್ದು ಏಕೆ? ಒಂಟೆಯ ಮೇಲೆ ದಾಳಿ ಮಾಡಿದರೆ ಅದು ಓಡಿಹೋಗುತ್ತದೆ, ಎಫ್7ರ ಮೇಲಿನ ಅದರ ಕಾಟ ತಪ್ಪುತ್ತದೆ ಎಂದು. ಒಂಟೆ ಓಡಿಹೋದದ್ದು ಎಲ್ಲಿಗೆ, ಅಲ್ಲಿಂದ ಅದು ಯಾವ ಮನೆಯನ್ನು ಕಾಯುತ್ತದೆ ಎಂಬುದನ್ನು ನೋಡಲಿಲ್ಲ. ಐವತ್ತು ನಡೆಗಳ ಅಂತರದಲ್ಲಿ ನಡೆದ ಈ ಮೂರೂ ಸಂಗತಿಗಳಲ್ಲಿ ಅವನ ಮನಸ್ಸು ಮಾಡಿದ್ದು ಒಂದೇ ಕೆಲಸ: ಎದುರಿಗಿರುವ ಇಕ್ಕಟ್ಟನ್ನು ಬೇಗ ಮುಗಿಸಿಕೊಳ್ಳುವ ನಡೆಯನ್ನು ಹುಡುಕುವುದು, ಸಿಕ್ಕ ಕೂಡಲೇ ಅದನ್ನು ಆಡುವುದು. ಎಂಜಿನ್‌ನ ಲೆಕ್ಕದಲ್ಲಿ ಅವು ಬೇರೆಬೇರೆ ತೂಕದ ಮೂರು ತಪ್ಪುಗಳು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಅವನ ಲೆಕ್ಕದಲ್ಲಿ ಮೂರಕ್ಕೂ ಬೇರು ಒಂದೇ.

ಇದು ಹವ್ಯಾಸಿಗಳ ಖಾಸಗಿ ರೋಗವೇನಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ ಆಟವನ್ನು ಇಲ್ಲಿ ಎಷ್ಟೋ ಜನ ಕೆಲಸ ಬಿಟ್ಟು ನೋಡುತ್ತಿದ್ದೆವು. ಡಿಂಗ್ ಲಿರೆನ್ ಮತ್ತು ಗುಕೇಶ್ ಇಬ್ಬರ ಬಳಿಯೂ ಒಂದೊಂದು ಆನೆ, ಒಂದೊಂದು ಒಂಟೆ ಉಳಿದಿದ್ದವು. ಗುಕೇಶನ ಬಳಿ ಪ್ಯಾದೆ ಒಂದು ಹೆಚ್ಚು. ಡ್ರಾ ಆಗಬೇಕಾದ ಸ್ಥಿತಿ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಆನೆಗಳ ವಿನಿಮಯಕ್ಕೆ ಎಡೆಮಾಡಿಕೊಟ್ಟರು. ಆನೆಗಳು ಹೋದವು, ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಅವರ ಒಂಟೆಯ ಎದುರಿಗೆ ಗುಕೇಶ್ ತನ್ನ ಒಂಟೆಯನ್ನು ಡಿ5ಕ್ಕೆ ತಂದು ಅದನ್ನೂ ಬದಲಾಯಿಸಿಕೊಂಡ, ಉಳಿದದ್ದು ರಾಜ ಮತ್ತು ಪ್ಯಾದೆಗಳ ಆಟ, ಅದರಲ್ಲಿ ಗೆಲುವು ನೇರವಾಗಿತ್ತು. 58ನೇ ನಡೆಗೆ ಡಿಂಗ್ ಕೈಚಾಚಿದರು, ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಆದ. ಡಿಂಗ್ ಮನಸ್ಸಿನಲ್ಲಿ ಏನಿತ್ತೆಂದು ಹೊರಗಿನವರು ಹೇಳುವುದು ಉದ್ಧಟತನವಾಗುತ್ತದೆ. ಹಲಗೆಯ ಮೇಲೆ ಕಂಡ ರೂಪ ಮಾತ್ರ ನಮ್ಮ ಹುಡುಗನ ಆಟದ್ದೇ: ಆನೆ ಹೋದ ಮೇಲೆ ಉಳಿಯುವ ಆಟ ಯಾವುದು ಎಂಬುದು ವಿನಿಮಯದ ಕ್ಷಣದಲ್ಲಿ ಕಣ್ಣಿಗೆ ಬೀಳಲಿಲ್ಲ.

ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ಕಾಕಾ ಎಂದೇ ಕರೆಯುತ್ತೇವೆ. ಅವರು ಕಲಿತದ್ದು ಹಳೆಯ ದೇಶೀ ಪದ್ಧತಿಯ ಆಟ. ಅದರಲ್ಲಿ ಪ್ಯಾದೆ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ, ಕೋಟೆ ಕಟ್ಟುವುದಿಲ್ಲ, ಬದಲಿಗೆ ರಾಜನಿಗೆ ಒಂದು ಸಲ ಕುದುರೆಯಂತೆ ಹಾರುವ ಹಕ್ಕಿರುತ್ತದೆ. ಈಗಿನ ನಿಯಮಗಳಲ್ಲಿ ಅವರು ಆರಂಭದಲ್ಲೇ ಹಿಂದೆ ಬೀಳುತ್ತಾರೆ, ಆದರೆ ಕಾಯಿಗಳು ಕಡಿಮೆಯಾದಂತೆ ಅವರನ್ನು ಹಿಡಿಯುವುದು ಕಷ್ಟ. ಹುಡುಗನ ಆಟ ನೋಡಿ ಅವರು ಹೇಳಿದ್ದಿಷ್ಟು: "ಹೊಡಿಯೂದು ಹೊಡೀರಿ ತಮ್ಮಾ, ಹೊಡದ ಮ್ಯಾಲ ಹಲಗಿ ಮ್ಯಾಲ ಏನ ಉಳಿತೈತಿ ಅದನ್ನ ಮದ್ಲ ನೋಡ್ರಿ."

ಆ ದಿನದಿಂದ ಹುಡುಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಆಟ ಮುಗಿದ ಮೇಲೆ ಎಂಜಿನ್ ತೆಗೆಯುವ ಮೊದಲೇ ಸ್ಕೋರ್‌ಶೀಟ್ ಮುಂದಿಟ್ಟುಕೊಂಡು, ತನಗೆ ಕಷ್ಟವೆನಿಸಿದ ನಾಲ್ಕೈದು ಜಾಗಗಳಲ್ಲಿ ಏನು ಕಂಡಿತ್ತು, ಯಾವುದಕ್ಕೆ ಹೆದರಿದ್ದೆ, ಯಾವ ನಡೆಯನ್ನು ನೋಡಿಯೂ ಬಿಟ್ಟೆ ಎಂಬುದನ್ನು ಬರೆಯುತ್ತಾನೆ. ಇದನ್ನು ಅದೇ ದಿನ ಮಾಡಬೇಕು, ವಿಜಯಪುರದಿಂದ ಬರುವಾಗ ಕೊಲ್ಹಾರದ ಸೇತುವೆ ದಾಟುವುದರೊಳಗೆ ಮಾಡಿದರೆ ಇನ್ನೂ ಒಳ್ಳೆಯದು. ಮರುದಿನವಾದರೆ ಮನಸ್ಸು ತನ್ನ ನಡೆಗಳಿಗೆ ಚಂದದ ಕಾರಣಗಳನ್ನು ತಾನೇ ಹೊಂದಿಸಿಕೊಂಡುಬಿಟ್ಟಿರುತ್ತದೆ. ಸೋವಿಯತ್ ಚಾಂಪಿಯನ್ ಬೊಟ್ವಿನಿಕ್ ತನ್ನ ಆಟಗಳನ್ನು ತಾನೇ ವಿಶ್ಲೇಷಿಸುವುದನ್ನು, ಆ ವಿಶ್ಲೇಷಣೆಯನ್ನು ಇತರರ ಟೀಕೆಗೆ ಒಡ್ಡುವುದನ್ನು ತರಬೇತಿಯ ನಡುಗಂಬವಾಗಿಸಿಕೊಂಡಿದ್ದವರು. ಕಾರ್ಪೋವ್, ಕಾಸ್ಪರೋವ್, ಕ್ರಾಮ್ನಿಕ್ ಮೂವರೂ ಅವರ ಶಾಲೆಯಲ್ಲಿ ಕಲಿತವರು. ಅವರ ಕಾಲದಲ್ಲಿ ಎಂಜಿನ್ ಇರಲಿಲ್ಲ, ಬರೆಯದೆ ಗತಿಯಿರಲಿಲ್ಲ ಎನ್ನಬಹುದು. ನನಗಾದರೋ ಎಂಜಿನ್ ಬಂದ ಮೇಲೆಯೇ ಅದರ ಅಗತ್ಯ ಹೆಚ್ಚಿದೆ ಎನಿಸುತ್ತದೆ, ಏಕೆಂದರೆ ಸರಿಯುತ್ತರ ಕೈಗೆ ಸಿಕ್ಕ ಮೇಲೆ ತನ್ನ ತಪ್ಪು ಉತ್ತರ ಹೇಗೆ ಬಂತೆಂದು ಕೆದಕುವ ವ್ಯವಧಾನ ಯಾರಿಗೂ ಉಳಿಯುವುದಿಲ್ಲ.

ಎಲ್ಲ ತಪ್ಪುಗಳನ್ನೂ ಹೀಗೆ ಕೆದಕಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. 2006ರಲ್ಲಿ ಬಾನ್ ನಗರದಲ್ಲಿ ಡೀಪ್ ಫ್ರಿಟ್ಜ್ ಕಂಪ್ಯೂಟರಿನ ವಿರುದ್ಧ ಆಡುತ್ತಿದ್ದಾಗ, ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಒಂದೇ ನಡೆಯಲ್ಲಿ ಆಗುವ ಮಾತ್ ಅನ್ನು ನೋಡದೆ ವಜೀರನನ್ನು ಬೇರೆಡೆಗೆ ನಡೆಸಿದರು. ಅಂಥದ್ದು ಕಣ್ತಪ್ಪು. ದಣಿವಿನಿಂದಲೋ ಗದ್ದಲದಿಂದಲೋ ಒಮ್ಮೆ ಆಗಿಹೋಗುವುದಕ್ಕೆ ನೋಟ್‌ಬುಕ್‌ನಲ್ಲಿ ಪುಟ ಬೇಡ. ಬೇರೆಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಮಾತ್ರ ಜಾಗ ಕೊಟ್ಟರೆ ಸಾಕು. ಎದುರಾಳಿಯೊಡನೆ ಮಾತಾಡುವುದರಿಂದಲೂ ಬಹಳ ಲಾಭವಿದೆ. ನಮ್ಮ ಕಡೆಯ ಹುಡುಗರು ಸೋತ ಮೇಲೆ ಸಂಕೋಚಪಟ್ಟು ಎದ್ದು ಹೊರಟುಬಿಡುತ್ತಾರೆ. ವಿಜಯಪುರದ ಆ ಹಿರಿಯರನ್ನು ಹುಡುಗ ಮುಂದಿನ ಸುತ್ತಿನ ನಡುವೆ ಹೋಗಿ ಮಾತಾಡಿಸಿದಾಗ ಅವರು, ಎಫ್3ರ ಆ ಪ್ಯಾದೆ ಗೆಲ್ಲಿಸುತ್ತದೆಂದು ತಮಗೂ ಖಾತ್ರಿ ಇರಲಿಲ್ಲ, ಇನ್ನೆರಡು ನಡೆ ಕಳೆದಿದ್ದರೆ ತಾವೇ ಡ್ರಾ ಕೇಳುವವರಿದ್ದೆವು ಎಂದರಂತೆ. ಅವನು ಹೆದರಿದ್ದ ಆ ಆನೆಯ ಕಾಟದಿಂದ ಎದುರಾಳಿಯೂ ಬೇಸತ್ತಿದ್ದರು.

ನೋಟ್‌ಬುಕ್‌ನ ಮೊದಲ ಪುಟದಲ್ಲಿ ಹುಡುಗ ದಪ್ಪಕ್ಷರದಲ್ಲಿ "ಅವಸರದಲ್ಲಿ ಕಾಯಿ ಬದಲಾಯಿಸಬೇಡ" ಎಂದು ಬರೆದುಕೊಂಡಿದ್ದ. ಅದರ ಫಲ ಮುಂದಿನ ಪಂದ್ಯದಲ್ಲಿ ಕಂಡಿತು. ಅದೇ ಇಟಾಲಿಯನ್ ಆಟ ಬಂತು, ಈ ಸಲ ಅವನು ಬಿ4ರಿಂದ ಶಹ ಕೊಟ್ಟ, ಒಂಟೆಗಳು ಹೋದವು, ಡಿ5ಕ್ಕೆ ಪ್ಯಾದೆ ನೂಕಿದ, ಬಿಳಿ ಹೊಡೆಯಿತು, ಕುದುರೆ ತಿರುಗಿ ಹೊಡೆಯಿತು, ಬಿಳಿಯ ಡಿ4ರ ಪ್ಯಾದೆ ಅಕ್ಕಪಕ್ಕದಲ್ಲಿ ಯಾರೂ ಇಲ್ಲದೆ ಒಂಟಿಯಾಗಿ ಉಳಿಯಿತು. ಅಲ್ಲಿಯವರೆಗೆ ಎಲ್ಲವೂ ಸರಿ. ಎದುರಾಳಿಗೆ ಅಂಥ ಒಂಟಿ ಪ್ಯಾದೆ ಇರುವಾಗ ಕಾಯಿಗಳನ್ನು ಬದಲಾಯಿಸಿಕೊಳ್ಳುತ್ತ ಹೋಗುವುದೇ ನಮಗೆ ಲಾಭ. ಹಲಗೆ ಖಾಲಿಯಾದಷ್ಟೂ ಅದರ ದೌರ್ಬಲ್ಯ ಎದ್ದು ಕಾಣುತ್ತದೆ, ಕಾಯಿಗಳು ತುಂಬಿದ್ದಷ್ಟೂ ಅದರ ಹಿಂದೆ ನಿಂತು ದಾಳಿ ಮಾಡಲು ಬಿಳಿಗೆ ಅನುಕೂಲ. ಹುಡುಗ ಕುದುರೆಗಳ ವಿನಿಮಯವನ್ನು ತಪ್ಪಿಸಿದ, ವಜೀರರ ವಿನಿಮಯವನ್ನೂ ತಪ್ಪಿಸಿದ, ಕೊನೆಗೆ ಬಿಳಿಯ ದಾಳಿಗೆ ಸಿಕ್ಕಿ ಸೋತ. ಕೇಳಿದರೆ ನೋಟ್‌ಬುಕ್ ತೋರಿಸಿದ.

ಸಂಜೆ ಕೂತು ಆ ಸಾಲನ್ನು ಹೊಡೆದುಹಾಕಿದೆವು. ಅದರ ಜಾಗದಲ್ಲಿ ಏನು ಬರೆಯಬೇಕೆಂಬುದಕ್ಕೆ ಬಹಳ ಹೊತ್ತು ಚರ್ಚೆಯಾಯಿತು. ಅಪ್ಪಣೆಯ ರೂಪದಲ್ಲಿ ಏನನ್ನೂ ಬರೆಯುವುದು ಬೇಡ, ನಡೆಯ ಮೊದಲು ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆ ಇರಲಿ ಎಂದು ನಾನು ಹೇಳಿದೆ. ಕಾಕಾನ ಮಾತನ್ನೇ ಪ್ರಶ್ನೆಯಾಗಿಸಿ, "ಇದು ಹೋದ ಮೇಲೆ ಉಳಿಯುವ ಕಾಯಿಗಳಲ್ಲಿ ಯಾರದು ಚೆನ್ನಾಗಿದೆ?" ಎಂದು ಅವನು ಬರೆದ. ಕೆಳಗೆ ಸಣ್ಣಕ್ಷರದಲ್ಲಿ, ಪ್ಯಾದೆಯ ಆಟವಾದರೆ ಬಿಡುವಿನ ನಡೆ ಯಾರ ಬಳಿ ಇದೆ ಎಂದು ಎಣಿಸುವುದು, ಎಂದು ಸೇರಿಸಿದ. ಗಡಿಯಾರದಲ್ಲಿ ಐದು ನಿಮಿಷ ಉಳಿದಾಗ ಇಷ್ಟೆಲ್ಲ ಕೇಳಿಕೊಳ್ಳಲು ಪುರಸೊತ್ತು ಎಲ್ಲಿರುತ್ತದೆ ಎಂಬುದು ಅವನ ತಕರಾರು. ಆರನೆಯ ನಡೆಯಲ್ಲಿ ಪುರಸೊತ್ತು ಇತ್ತಲ್ಲ ಎಂಬುದು ನನ್ನ ಉತ್ತರ. ಮುಂದಿನ ತಿಂಗಳು ಬೆಳಗಾವಿಯಲ್ಲಿ ಅವನಿಗೆ ಇನ್ನೊಂದು ಪಂದ್ಯಾವಳಿ ಇದೆ, ಅಷ್ಟರೊಳಗೆ ಫಿಲಿಡೋರನ ಆ ರಕ್ಷಣೆಯನ್ನು ನಾನು ಬಿಳಿಯ ಕಡೆ ಕೂತು ಎಷ್ಟು ತೊಂದರೆ ಕೊಟ್ಟರೂ ಡ್ರಾ ಮಾಡಿ ತೋರಿಸುವುದಾಗಿ ಒಪ್ಪಿಕೊಂಡಿದ್ದಾನೆ.